ಪದಚರ್ಚೆ: ‘ಕಲಿಕಾ ನ್ಯೂನತೆ’ಗೆ ‘ಓದಿನ ತೊಡಕು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಮಕ್ಕಳ ಅಪ್ಪ-ಅಮ್ಮಂದಿರಿಗೂ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಾತಿನಲ್ಲಿ ಚುರುಕಾಗಿದ್ದು, ಓದು-ಬರಹಕ್ಕೆ ಬಂದಾಗ ಮಾತ್ರ ತಡವರಿಸುವ ಮಕ್ಕಳ ಬಗ್ಗೆ. ಡಿಸ್ಲೆಕ್ಸಿಯಾ ಅನ್ನುತ್ತಾರಲ್ಲ, ಅದು. ಸರ್ಕಾರಿ ಕಾಗದಗಳಲ್ಲಿ ಇಂಥವನ್ನೆಲ್ಲ ಸೇರಿಸಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಅಂತ ಬರೆಯುತ್ತಾರೆ. (‘ಕಲಿಕೆ’ಯನ್ನು ‘ಕಲಿಕಾ’ ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ, ಈಗ ಬೇಡ.) ನನಗೆ ಒಪ್ಪಿಗೆಯಾಗದಿರುವುದು ‘ನ್ಯೂನತೆ’.

ಕೋವಿಡ್ ಆದ ಮೇಲೆ, 2022-23ರಲ್ಲಿ, ನಮ್ಮ ಶಾಲೆಗಳಲ್ಲಿ ‘ಕಲಿಕಾ ಚೇತರಿಕೆ’ ನಡೆಯಿತು. ಶಾಲೆ ಮುಚ್ಚಿದ್ದಾಗ ತಪ್ಪಿಹೋದ ಪಾಠಕ್ಕೆ ಆಗ ‘ಕಲಿಕಾ ಕೊರತೆ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಆ ಮಾತು ಸರಿಯಾಗೇ ಇತ್ತು. ಕೊರತೆ ಅಂದರೆ ತುಂಬಬಹುದಾದ್ದು. ಬಿಟ್ಟುಹೋದ ಪಾಠವನ್ನು ಮತ್ತೆ ಹೇಳಿಕೊಟ್ಟರೆ ತುಂಬಿಕೊಳ್ಳುತ್ತದೆ. ಆದರೆ ಆಮೇಲೆ ಶಿಕ್ಷಕರ ಮಾತಿನಲ್ಲಿ ‘ಕೊರತೆ’ ಮತ್ತು ‘ನ್ಯೂನತೆ’ ಎರಡೂ ಒಂದರೊಳಗೊಂದು ಕಲಸಿಹೋದವು. ನಿಘಂಟು ತೆಗೆದರೆ ‘ನ್ಯೂನತೆ’ಗೆ ‘ಕೊರತೆ’ ಅಂತಲೇ ಅರ್ಥ ಇರುತ್ತದೆ. ಶಿಕ್ಷಕರನ್ನು ಸುಮ್ನೆ ಬೈದು ಏನು ಬಂತು?

ಮಗುವಿನ ಪಾಲಿಗೆ ಮಾತ್ರ ಇವೆರಡರ ನಡುವೆ ಅಜಗಜಾಂತರ. ‘ಕೊರತೆ’ ಅಂದುಕೊಂಡರೆ ಸಿಗುವುದು ಪರಿಹಾರ ಬೋಧನೆ. ಅದೇ ಪಾಠ, ಅದೇ ರೀತಿ, ಇನ್ನಷ್ಟು ಸಲ. ಜೊತೆಗೆ ಕಾಪಿ ಬರೆಸುವುದು ಜಾಸ್ತಿಯಾಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅದರಿಂದ ಬೇಸರ ಬಿಟ್ಟರೆ ಬೇರೇನೂ ದಕ್ಕುವುದಿಲ್ಲ. ಅದಕ್ಕೆ ಬೇಕಿರುವುದು ಬೇರೆ ದಾರಿ. ಅಕ್ಷರವನ್ನು ಬಾಯಲ್ಲಿ ಹೇಳುತ್ತಾ ಮರಳಿನ ಮೇಲೆ ತಿದ್ದಿಸುವುದು, ಒಂದು ಸಲಕ್ಕೆ ಒಂದೇ ಹೆಜ್ಜೆ ಇಡಿಸುವುದು, ಬರೆಯಲು ಜಾಸ್ತಿ ಹೊತ್ತು ಕೊಡುವುದು, ಗೊತ್ತಿದ್ದದ್ದನ್ನು ಬಾಯಲ್ಲೇ ಹೇಳಲು ಬಿಡುವುದು.

ಕನ್ನಡ ಲಿಪಿಯಲ್ಲಿ ಈ ಕಷ್ಟ ಹೇಗೆ ಕಾಣುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ‘ರಾತ್ರಿ’ ಪದ ನೋಡಿ. ತಕಾರದ ತಲೆಯ ಮೇಲೇ ಗುಡಿಸು ಇದೆ, ರಕಾರ ಕೆಳಗೆ ಒತ್ತಾಗಿ ಕೂತಿದೆ. ಕಣ್ಣಿಗೆ ಬೀಳುವುದು ‘ತಿ’, ಆಮೇಲೆ ‘ರ’. ಬಾಯಲ್ಲಿ ಬರಬೇಕಾದದ್ದು ಮೊದಲು ‘ತ್’, ಆಮೇಲೆ ‘ರಿ’. ಹಾಗಾಗಿ ಮಗು ‘ರಾತಿರ’ ಅಂತ ಓದುತ್ತದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಯಕಾರ ಆದ ಮೇಲೆ ಬರುತ್ತದೆ, ಆದರೆ ಉಚ್ಚಾರಣೆಯಲ್ಲಿ ಅದಕ್ಕಿಂತ ಮುಂಚೆ. ಅಲ್ಲಿ ‘ಸೂಯರ್’ ಆಗುತ್ತದೆ. ಓದು ಕಲಿಯುವ ಎಷ್ಟೋ ಮಕ್ಕಳು ಮೊದಮೊದಲು ಹೀಗೇ ಓದುತ್ತಾರೆ, ಬರಬರುತ್ತಾ ದಾಟಿಬಿಡುತ್ತಾರೆ. ಈ ಮಗು ನಾಲ್ಕನೇ ಕ್ಲಾಸಿಗೆ ಬಂದರೂ ಅಲ್ಲೇ ನಿಂತಿರುತ್ತದೆ. ಅದೇ ಪಾಠವನ್ನು ಓದಿ ಹೇಳಿ ಪ್ರಶ್ನೆ ಕೇಳಿದರೆ ಪಟಪಟ ಉತ್ತರ ಕೊಡುತ್ತದೆ. ಕಥೆಯನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತದೆ. ಇಂಥ ಮಗುವಿನ ಮುಂದೆ ನಿಂತು ‘ನ್ಯೂನತೆ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇದರಲ್ಲಿ ಕಡಿಮೆ ಇರುವುದೇನು ಹೇಳಿ? ಎಲ್ಲ ಇದೆ, ಸಿಕ್ಕಾಗಿದೆ ಅಷ್ಟೇ.

ಅದಕ್ಕೇ ‘ತೊಡಕು’ ನೆನಪಾಯಿತು. ಓದಿನ ತೊಡಕು, ಬರಹದ ತೊಡಕು, ಲೆಕ್ಕದ ತೊಡಕು. ನೂಲು ತೊಡಕಾದರೆ ನೂಲು ಕೆಟ್ಟಿತು ಅಂತ ಯಾರೂ ಎಸೆಯುವುದಿಲ್ಲ, ಕೂತು ಬಿಡಿಸುತ್ತಾರೆ. ‘ತೊಂದರೆ’, ‘ಸಮಸ್ಯೆ’ ತೀರಾ ಸಡಿಲ. ಮಗು ಗಲಾಟೆ ಮಾಡಿದರೂ ಸಮಸ್ಯೆಯೇ. ‘ದೌರ್ಬಲ್ಯ’, ‘ಅಸಾಮರ್ಥ್ಯ’ ನ್ಯೂನತೆಗಿಂತ ಕೆಟ್ಟವು. ‘ಸ್ಲೋ ಲರ್ನರ್’ ಅಂತ ಶಾಲೆಗಳಲ್ಲಿ ಜಾಸ್ತಿ ಹೇಳುತ್ತಾರೆ. ಅದು ಬೇರೆಯೇ ವಿಷಯ. ಅಲ್ಲಿ ಎಲ್ಲ ಕಲಿಕೆಯೂ ನಿಧಾನ. ಇಲ್ಲಿ ಹಾಗಲ್ಲ.

ಆದರೆ ಒಂದು ಅಡ್ಡಿ ಇದೆ. ಸರ್ಕಾರಿ ಹೆಸರನ್ನು ಪೂರ್ತಿ ಬಿಡುವ ಹಾಗಿಲ್ಲ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವಿಕಲತೆಗಳಿದ್ದವು, ಈ ಮಕ್ಕಳು ಅದರಲ್ಲಿ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ಪಟ್ಟಿ 21ಕ್ಕೆ ಏರಿತು, ಇವರೂ ಸೇರಿದರು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಆ ಕಾಯ್ದೆಯಲ್ಲೇ ಇವೆ. ಒಬ್ಬ ತಾಯಿ ಆಸ್ಪತ್ರೆಗೋ ಕಚೇರಿಗೋ ಹೋಗಿ ‘ನನ್ನ ಮಗನಿಗೆ ಓದಿನ ತೊಡಕಿದೆ’ ಅಂದರೆ ಅಲ್ಲಿ ಯಾರಿಗೂ ಅರ್ಥವಾಗದೆ ಹೋಗಬಹುದು. ಆದ್ದರಿಂದ ಮೊದಲ ಪುಟದಲ್ಲಿ ಒಮ್ಮೆ ಸರ್ಕಾರಿ ಹೆಸರು ಕೊಟ್ಟು, ಇದನ್ನೇ ಅರ್ಜಿಯಲ್ಲಿ ಬರೆಯಿರಿ ಅಂತ ಹೇಳಿ, ಮಿಕ್ಕ ಕಡೆ ‘ತೊಡಕು’ ಬಳಸೋಣ ಅಂದುಕೊಂಡಿದ್ದೇನೆ.

ಇನ್ನೊಂದು ವಿಷಯ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಇದಕ್ಕೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮಕ್ಕಳಿಗೆ ಅಂತ ಇತ್ತು. ಅಂದರೆ ಒಂದು, ಎರಡನೇ ಕ್ಲಾಸಿನಲ್ಲಿ, ನಲಿ-ಕಲಿಯ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಗುಂಪು ಮಾಡಿ, ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ದಿನಗಳಲ್ಲಿ, ಶಿಕ್ಷಕರ ಕೈಯಲ್ಲಿ ಕಾಗದ ಇರುವುದಿಲ್ಲ, ಇರುವುದು ಬರೀ ಮಾತು. ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಅಲ್ಲಿನ ಏಣಿಯಲ್ಲಿ ಉಳಿದವರು ಮೇಲೆ ಹತ್ತುತ್ತಿರುವಾಗ ಒಂದು ಮಗು ತಿಂಗಳುಗಟ್ಟಲೆ ಶಿಕ್ಷಕರ ಬೆಂಬಲದ ತಟ್ಟೆಯಲ್ಲೇ, ಅಂದರೆ ಶಿಕ್ಷಕರ ನೆರವಿನಿಂದ ಕಲಿಯುವ ಗುಂಪಿನಲ್ಲೇ, ಕೂತಿದ್ದರೆ ಅಮ್ಮನನ್ನು ಕರೆದು ಏನಂತ ಹೇಳಬೇಕು? ‘ನ್ಯೂನತೆ ಇರಬಹುದು’ ಅಂದರೆ ಆಕೆ ಗಾಬರಿಯಾಗುತ್ತಾಳೆ, ಇಲ್ಲವೇ ಮುನಿಸಿಕೊಂಡು ಹೋಗುತ್ತಾಳೆ. ‘ಓದಿನಲ್ಲಿ ಏನೋ ತೊಡಕು ಕಾಣ್ತಿದೆ, ಇಬ್ಬರೂ ಸೇರಿ ನೋಡೋಣ’ ಅಂದರೆ ಕೂತು ಮಾತಾಡುತ್ತಾಳೆ ಅಂತ ನನ್ನ ನಂಬಿಕೆ.

ಈಗ ನನ್ನ ಪ್ರಶ್ನೆಗಳು. ‘ತೊಡಕು’ ಪದಕ್ಕೂ ‘ತೊಡಗು’ ಪದಕ್ಕೂ ಬೇರು ಒಂದೇನಾ? ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನವನ್ನು ‘ವರ್ಷತೊಡಕು’, ‘ಹೊಸತೊಡಕು’ ಅನ್ನುತ್ತಾರಲ್ಲ, ಅಲ್ಲಿ ಅರ್ಥ ಶುರುವಾಗುವುದು ಅಂತ ಕಾಣುತ್ತದೆ. ಆ ಕಡೆಯ ಓದುಗರಿಗೆ ‘ಓದಿನ ತೊಡಕು’ ಗೊಂದಲ ಮಾಡುತ್ತದೆಯೇ?

ಓದು ಬಾರದ ಮಗುವಿಗೆ ಒಂದು ಕಡೆ ‘ತಲೆಗೆ ಹತ್ತಲ್ಲ’, ಉತ್ತರ ಕರ್ನಾಟಕದಲ್ಲಿ ‘ತಲಿಗೆ ಹತ್ತಂಗಿಲ್ಲ’, ಕರಾವಳಿಯಲ್ಲಿ ‘ಮಂಡೆಗೆ ಹೋಗುದಿಲ್ಲ’ ಅನ್ನುತ್ತಾರೆ. ಎಲ್ಲದರಲ್ಲೂ ದೋಷ ತಲೆಯ ಮೇಲೇ. ನಿಮ್ಮ ಊರಿನಲ್ಲಿ ಮಗುವನ್ನು ಹಳಿಯದೆ ಈ ಕಷ್ಟವನ್ನಷ್ಟೇ ಹೇಳುವ ಮಾತು ಇದ್ದರೆ ದಯವಿಟ್ಟು ತಿಳಿಸಿ. ಅಜ್ಜಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.

ಹಾಗೇ, ಪರೀಕ್ಷೆಯಲ್ಲಿ ಮಗುವಿನ ಪರವಾಗಿ ಬರೆಯುವವರಿಗೆ ಏನನ್ನಬೇಕು? ‘ಲಿಪಿಕಾರ’ ಅಪ್ಪ-ಅಮ್ಮಂದಿರಿಗೆ ತಿಳಿಯುವುದಿಲ್ಲ. ‘ಬರಹಗಾರ’ ಅಂದರೆ ಸಾಹಿತಿ ಆಗಿಬಿಡುತ್ತಾರೆ. ‘ಸ್ಕ್ರೈಬ್’ ಅಂತಲೇ ಬಿಡಬಹುದು. ‘ಬರೆದುಕೊಡುವವರು’ ಅಂತ ಬಿಡಿಸಿ ಹೇಳುವುದೇ ಸರಿ ಅಂತ ನನಗನ್ನಿಸುತ್ತದೆ. ನೀವೇನಂತೀರಿ?