ಲಂಡನ್‌ಗೆ 3 ದಿನದ ಪಾಸು ತಗೊಳ್ಳೋದಾ ಬೇಡ್ವಾ? ಅಪ್ಪ ಅಮ್ಮ ಜೊತೆಗಿದ್ದಾರೆ

ಅಂತರಗಂಗೆ:
ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ತಂಗಿ ಇಂಗ್ಲೆಂಡಿನ ರೀಡಿಂಗ್ ಅನ್ನೋ ಊರಿನಲ್ಲಿದ್ದಾಳೆ, ಅಲ್ಲಿಂದ ಲಂಡನ್‌ಗೆ ರೈಲಿನಲ್ಲಿ ಅರ್ಧ ಗಂಟೆಯಂತೆ. ಮೇ ತಿಂಗಳಲ್ಲಿ ಅಪ್ಪ, ಅಮ್ಮ, ನಾನು, ನನ್ನ 9 ವರ್ಷದ ಮಗ ಹೊರಟಿದ್ದೇವೆ. ಹೆಂಡತಿಗೆ ರಜೆ ಸಿಗಲಿಲ್ಲ, ಆ ಕಥೆ ಬೇಡ. ಲಂಡನ್ ನೋಡಲು ಗುರುವಾರದಿಂದ ಭಾನುವಾರದವರೆಗೆ 4 ದಿನ ಇಟ್ಟುಕೊಂಡಿದ್ದೇವೆ.

ಒಂದೇ ಸಲ ದುಡ್ಡು ಕಟ್ಟಿದರೆ ಊರಿನ ಎಷ್ಟೋ ಜಾಗಗಳಿಗೆ ಒಳಗೆ ಬಿಡುವ ಪಾಸು ಇದೆಯಲ್ಲ, ಅದನ್ನು 3 ದಿನಕ್ಕೆ ತಗೊಳ್ಳೋಣ ಅಂತ ಎಕ್ಸೆಲ್ ಶೀಟ್ ಮಾಡಿದೆ. ಮೊದಲ ದಿನ ಟವರ್ ಆಫ್ ಲಂಡನ್, ಟವರ್ ಬ್ರಿಡ್ಜ್, ಸೇಂಟ್ ಪಾಲ್ಸ್ ಚರ್ಚು, ದೋಣಿ. ಎರಡನೇ ದಿನ ವೆಸ್ಟ್‌ಮಿನ್‌ಸ್ಟರ್ ಅಬ್ಬಿ, ಆಮೇಲೆ ಕ್ಯೂ ಗಾರ್ಡನ್ಸ್. ಹೀಗೇ ಮುಂದಕ್ಕೆ. ಶೀಟ್ ಪ್ರಕಾರ ಒಳ್ಳೇ ಲಾಭ. ಆದರೆ ಅಮ್ಮನಿಗೆ ಮಂಡಿ ನೋವು, ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂರುತ್ತಾರೆ. ಅಪ್ಪ ರಿಟೈರ್ಡ್ ಮೇಷ್ಟ್ರು, ಸೋಮೇಶ್ವರ ದೇವಸ್ಥಾನಕ್ಕೆ ಹೋದರೆ ಒಂದೊಂದು ಕಂಬಕ್ಕೂ ಅರ್ಧ ಗಂಟೆ. ಪಾಸು ತಗೊಳ್ಳಲಾ?

ಮುಳಬಾಗಿಲು ದೋಸೆ:
ಬೇಡ. ನಾನು ಅಲ್ಲಿ ಮೂರು ವರ್ಷ ಇದ್ದೆ, ಊರಿಂದ ಬಂದವರನ್ನೆಲ್ಲ ಸುತ್ತಾಡಿಸಿದ್ದೇ ನನ್ನ ಕೆಲಸ ಆಗಿತ್ತು.

ನಿಮ್ಮ ಶೀಟ್‌ನಲ್ಲಿ ಟಿಕೆಟ್ ರೇಟು ಇದೆ, ಟೈಮ್ ಇಲ್ಲ. ರೀಡಿಂಗ್‌ನಿಂದ ಬೆಳಗ್ಗೆ ಆಫೀಸ್ ಹೊತ್ತಿನಲ್ಲಿ ರೈಲು ಹತ್ತಿದರೆ ಟಿಕೆಟ್ ದುಬಾರಿ, ಹಾಗಾಗಿ ಎಲ್ಲರೂ ಒಂಬತ್ತೂವರೆ ಆದಮೇಲೆ ಹೊರಡುತ್ತಾರೆ. ಪ್ಯಾಡಿಂಗ್‌ಟನ್‌ನಲ್ಲಿ ಇಳಿದು, ಟ್ಯೂಬ್ (ಅಲ್ಲಿನ ಮೆಟ್ರೊ ರೈಲು) ಹಿಡಿದು, ಅಮ್ಮನನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಮೊದಲ ಜಾಗದ ಬಾಗಿಲಿಗೆ ಬರುವಷ್ಟರಲ್ಲಿ ಹನ್ನೊಂದು. ಸಂಜೆ ಐದರ ಹೊತ್ತಿಗೆ ಟಿಕೆಟ್ ಇರುವ ಜಾಗಗಳೆಲ್ಲ ಹೆಚ್ಚುಕಮ್ಮಿ ಮುಚ್ಚುತ್ತವೆ. ಉಳಿದ ಆರು ಗಂಟೆಯಲ್ಲಿ ನಾಲ್ಕು ಜಾಗ, ಅದೂ ಮೇಷ್ಟ್ರ ಜೊತೆ! ಪಾಸಿನ ಲಾಭ ಓಡುವವರಿಗೆ.

ಇನ್ನೊಂದು ವಿಷಯ ಶೀಟ್‌ನಲ್ಲಿ ಬಂದೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಇವೆಲ್ಲ ಫ್ರೀ. ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ರಾತ್ರಿ 8:30ರವರೆಗೆ ತೆರೆದಿರುತ್ತೆ, ಅಪ್ಪನನ್ನು ಅಲ್ಲಿ ಬಿಟ್ಟುಬಿಡಿ. ದುಡ್ಡು ಕೊಟ್ಟು ನೋಡುವುದು ಎರಡೇ ಸಾಕು, ಟವರ್ ಮತ್ತು ಅಬ್ಬಿ. ಎರಡಕ್ಕೂ ಬಿಡಿ ಟಿಕೆಟ್ ಆನ್‌ಲೈನ್‌ನಲ್ಲಿ ತಗೊಳ್ಳಿ.

ಟೊಮ್ಯಾಟೊ ಮಂಡಿ:
ನಾನು ಒಪ್ಪಲ್ಲ. ನಾವು, ಕಾಲೇಜು ಓದೋ ಇಬ್ಬರು ಮಕ್ಕಳು, ನಾಲ್ಕು ಜನ 2 ದಿನದ ಪಾಸಿನಲ್ಲಿ ಎಂಟು ಜಾಗ ನೋಡಿದೆವು, ಪೂರ್ತಿ ವಸೂಲಾಯಿತು. ಸೇಂಟ್ ಪಾಲ್ಸ್ ಗುಮ್ಮಟದ ತುದಿಗೆ 528 ಮೆಟ್ಟಿಲು, ಮಕ್ಕಳು ಹತ್ತಿದರು, ನಾನು ಕೆಳಗೆ ಕೂತು ಚಕ್ಕುಲಿ ತಿಂದೆ. ಉಳಿದುಕೊಂಡಿದ್ದು ಊರ ಮಧ್ಯದಲ್ಲೇ, ಅದೊಂದು ಅನುಕೂಲ.

ಆದರೆ ಒಂದು ಎಚ್ಚರಿಕೆ. ಹಿಂದಿನ ಸಲ ನಮ್ಮ ಭಾವ ತಗೊಂಡ ಪಾಸಿನಲ್ಲಿ (ಹೆಸರು ಬೇಡ) ದಿನ ಅಂದರೆ 24 ಗಂಟೆ ಅಂದುಕೊಂಡರು. ಇಳಿದ ದಿನವೇ ಸಂಜೆ ನಾಲ್ಕಕ್ಕೆ ಆಸೆಪಟ್ಟು ಮೊದಲ ಸ್ಕ್ಯಾನ್ ಮಾಡಿಸಿದರು. ಅದು ತಾರೀಕಿನ ಲೆಕ್ಕ. ಒಂದು ಗಂಟೆಗೆ ಒಂದು ದಿನ ಹೋಯಿತು. ಪಾಸಿದ್ದರೂ ಕೆಲವು ಕಡೆ ಟೈಮ್ ಮೊದಲೇ ಬುಕ್ ಮಾಡಬೇಕು, ಅದನ್ನೂ ನೋಡಿಕೊಳ್ಳಿ. ದಿನದ ಬದಲು ಜಾಗ ಎಣಿಸುವ ಪಾಸೂ ಸಿಗುತ್ತೆ, ಮೂರೋ ನಾಲ್ಕೋ ಜಾಗ, ನಿಧಾನವಾಗಿ ಮುಗಿಸಬಹುದು. ನಿಮಗೆ ಬೇಕಿದ್ದರೆ ಅದು.

ರಾಬರ್ಟ್‌ಸನ್‌ಪೇಟೆ ಹೈದ:
ನಾನು ಕೆಜಿಎಫ್‌ನವನು. ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಇಳಿಯುತ್ತಿದ್ದರು. ನಮ್ಮ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಲಂಡನ್‌ನದ್ದೇ, 1880ರಲ್ಲಿ ಬಂದರು. 2001ರಲ್ಲಿ ಗಣಿ ಮುಚ್ಚಿದಾಗ ನಾನು ಹೈಸ್ಕೂಲು.

ಅಣ್ಣ, ಬ್ಯಾಂಕ್ ಆಫ್ ಇಂಗ್ಲೆಂಡ್ ಮ್ಯೂಸಿಯಂಗೆ ಹೋಗಿ. ಫ್ರೀ. ಅಲ್ಲೊಂದು ಪಾರದರ್ಶಕ ಪೆಟ್ಟಿಗೆ, ಪಕ್ಕದಲ್ಲಿ ತೂತು. ಕೈ ಒಳಗೆ ಹಾಕಿ ಚಿನ್ನದ ಗಟ್ಟಿ ಎತ್ತಬಹುದು, ಸುಮಾರು 13 ಕಿಲೋ. ನೋಡಲು ಒಂದು ಇಟ್ಟಿಗೆಗಿಂತ ಚಿಕ್ಕದು, ಒಂದೇ ಕೈಯಲ್ಲಿ ಎತ್ತಲು ಹೋದರೆ ಮಣಿಕಟ್ಟು ಕೆಳಗೆ ಎಳೆಯುತ್ತೆ. ತಾತ ಜೀವಮಾನವೆಲ್ಲ ಕಲ್ಲು ಒಡೆದರು, ಗಟ್ಟಿ ಮುಟ್ಟಲಿಲ್ಲ. ನಾನು ಮುಟ್ಟಿದೆ. ಹಿಂದೆ ಕ್ಯೂ ಇತ್ತು, ಬೇಗ ಬಿಡಬೇಕಾಯಿತು. ಶನಿವಾರ ಭಾನುವಾರ ರಜೆ ಅದಕ್ಕೆ, ಗುರುವಾರವೇ ಹೋಗಿ.

ಮುಳಬಾಗಿಲು ದೋಸೆ:
ಭಾನುವಾರ ಅಂದಾಗ ನೆನಪಾಯಿತು. ಅಬ್ಬಿ, ಸೇಂಟ್ ಪಾಲ್ಸ್ ಎರಡೂ ಭಾನುವಾರ ಪ್ರಾರ್ಥನೆಗೆ ಮಾತ್ರ, ಪ್ರವಾಸಿಗರನ್ನು ಬಿಡಲ್ಲ. ಆವತ್ತು ಸೌತ್ ಕೆನ್ಸಿಂಗ್‌ಟನ್ ಇಟ್ಟುಕೊಳ್ಳಿ. ಅಲ್ಲಿನ ನ್ಯಾಚುರಲ್ ಹಿಸ್ಟರಿಯಲ್ಲಿ ಮಗನಿಗೆ ಡೈನೋಸಾರ್ ಮತ್ತು ತಿಮಿಂಗಿಲದ ಅಸ್ಥಿಪಂಜರ, ರಸ್ತೆ ದಾಟಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಅಪ್ಪನಿಗೆ ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತುಕೊಂಡು ಹೋದದ್ದು. ಬಿಳಿ ಸಿಪಾಯಿಯ ಮೇಲೆ ಬಿದ್ದಿರುವ ಮರದ ಹುಲಿ, ಹೊಟ್ಟೆಯೊಳಗೆ ಹಾರ್ಮೋನಿಯಂ ಥರದ್ದು ಏನೋ ಇದೆ. ಟಿಪ್ಪುವಿನ ಅಪ್ಪ ಹೈದರ್ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಲ್ವಾ, ಆದರೆ ನಮ್ಮವರೇ ಎಷ್ಟೋ ಜನ ಈ ಹುಲಿ ನೋಡದೆ ಮೇಣದ ಗೊಂಬೆ ನೋಡಿ ವಾಪಸ್ ಬರುತ್ತಾರೆ.

ಟವರ್‌ನಲ್ಲಿ ಕಿರೀಟಗಳ ಮುಂದೆ ನಿಲ್ಲಲು ಬಿಡಲ್ಲ, ಏರ್‌ಪೋರ್ಟ್‌ನಲ್ಲಿ ಇರುತ್ತಲ್ಲ ಆ ಥರ ಕಾಲಡಿ ಪಟ್ಟಿಯೇ ಚಲಿಸುತ್ತೆ. ಕೊಹಿನೂರ್ ಸರಿಯಾಗಿ ಕಾಣಲಿಲ್ಲ ಅಂದರೆ ಸುತ್ತಿ ಬಂದು ಮತ್ತೆ ಹತ್ತಿ. ಆ ಒಂದು ದಿನ ಮಾತ್ರ ಜಾಸ್ತಿ ದುಡ್ಡು ಹೋದರೂ ಬೆಳಗ್ಗೆ ಬೇಗ ಬನ್ನಿ.

ಬಸ್ಸು, ಟ್ಯೂಬ್‌ಗೆ ಕಾರ್ಡ್ ಟ್ಯಾಪ್ ಮಾಡಿದರೆ ಸಾಕು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಅಪ್ಪ ಅಮ್ಮನ ಕಾರ್ಡ್‌ನಲ್ಲಿ ವಿದೇಶದ ಬಳಕೆಯನ್ನು ಬ್ಯಾಂಕ್ ಆಪ್‌ನಲ್ಲಿ ಇಲ್ಲಿಂದಲೇ ಆನ್ ಮಾಡಿಸಿ. ರೀಡಿಂಗ್‌ನಲ್ಲಿ ಲಂಡನ್ ಬಸ್ಸು, ಟ್ಯೂಬ್‌ಗೆ ಕೊಡುವ ಆಯ್ಸ್ಟರ್ ಕಾರ್ಡ್ ನಡೆಯಲ್ಲ. ಮಗನಿಗೆ ನಿಮ್ಮ ಜೊತೆ ಇದ್ದರೆ ಟ್ಯೂಬ್, ಬಸ್ಸು ಫ್ರೀ.

ಅಂತರಗಂಗೆ:
ಶೀಟ್ ಡಿಲೀಟ್ ಮಾಡಿದೆ, ಎರಡು ಸಂಜೆ ಕೂತು ಮಾಡಿದ್ದು. ಟವರ್, ಅಬ್ಬಿ ಬಿಡಿ ಟಿಕೆಟ್, ಗುರುವಾರ ಚಿನ್ನದ ಗಟ್ಟಿ. ಅಮ್ಮನಿಗೆ ಥೇಮ್ಸ್ ದಡದ ಬಸವಣ್ಣನ ಮೂರ್ತಿ ನೋಡಬೇಕಂತೆ, 2015ರಲ್ಲಿ ಟಿವಿಯಲ್ಲಿ ನೋಡಿದ್ದು ಇನ್ನೂ ನೆನಪಿದೆ. ಅಪ್ಪನಿಗೆ ಹುಲಿ ವಿಷಯ ಹೇಳಿದೆ. "ಹಿಡಿ ತಿರುಗಿಸಿದರೆ ಕೂಗುತ್ತಂತಲ್ಲ, ನಮಗೆ ತಿರುಗಿಸೋಕೆ ಬಿಡ್ತಾರಾ ಕೇಳು" ಅಂದರು.

ಮುಳಬಾಗಿಲು ದೋಸೆ:
ಗಾಜಿನೊಳಗಿದೆ ಅಂತ ಹೇಳಿ. ಅಪ್ಪ ಅಲ್ಲಿ ಎಷ್ಟು ಹೊತ್ತು ನಿಂತರು ಅಂತ ವಾಪಸ್ ಬಂದಮೇಲೆ ತಿಳಿಸಿ.