ಪಿಸ್ಕಾಟರ್ ಬಗ್ಗೆ ಅರ್ಧ ಗಂಟೆ ಮಾತು, ಜೊತೆಗೊಂದು ದೃಶ್ಯ: ಎಲ್ಲಿಂದ ಹಿಡಿಯೋದು?

ತೆರೆಮರೆ, ಬಸವನಗುಡಿ:
ನಮ್ಮ ಹವ್ಯಾಸಿ ತಂಡದವರು ಜರ್ಮನ್ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ಬಗ್ಗೆ ಅರ್ಧ ಗಂಟೆ ಮಾತಾಡಿ, ಫಿಲ್ಮ್ ತುಣುಕು ಬಳಸಿ ಹತ್ತು ನಿಮಿಷದ ದೃಶ್ಯ ಆಡಬೇಕು ಅಂದುಕೊಂಡಿದ್ದೇವೆ. ಬದುಕಿನ ಯಾವ ಘಟ್ಟ ಮುಖ್ಯ? ಅವನ ಚಲಿಸುವ ಪಟ್ಟಿ (ನಟ ನಡೆದರೂ ಇದ್ದಲ್ಲೇ ಇರುವಂತೆ ಕಾಲ ಕೆಳಗೆ ಉರುಳುವ ಬೆಲ್ಟ್) 20 ಅಡಿ ವೇದಿಕೆಯಲ್ಲಿ ಸಾಧ್ಯವಾ?

ಹಳೇ ರಂಗಾಸಕ್ತ:
1893ರಲ್ಲಿ ಹುಟ್ಟಿದ, ಮೊದಲ ಮಹಾಯುದ್ಧದ ಕಂದಕದಲ್ಲಿದ್ದ ಅಂತ ಒಂದೇ ಮಾತಲ್ಲಿ ಮುಗಿಸಿ, ನೇರ 1925ಕ್ಕೆ ಬನ್ನಿ. ಕಮ್ಯುನಿಸ್ಟ್ ಪಕ್ಷಕ್ಕಾಗಿ ಮಾಡಿದ ಪ್ರದರ್ಶನದಲ್ಲಿ ನಿಜವಾದ ಯುದ್ಧದ ಫಿಲ್ಮನ್ನೇ ರಂಗಕ್ಕೆ ತಂದ. 1927ರಲ್ಲಿ ಅವನು ಕೆಲಸ ಮಾಡುತ್ತಿದ್ದ ಬರ್ಲಿನ್ನಿನ ಫೋಕ್ಸ್‌ಬ್ಯೂನೆ ರಂಗಮಂದಿರದ ಆಡಳಿತ ಅವನ ಫಿಲ್ಮಿಗೆ ಕತ್ತರಿ ಹಾಕಿತು, ಜಗಳವಾಯಿತು. ಅದೇ ವರ್ಷ ಸೆಪ್ಟೆಂಬರ್ 3ಕ್ಕೆ ಬರ್ಲಿನ್ನಿನ ನೊಲೆಂಡಾರ್ಫ್‌ಪ್ಲಾಟ್ಸ್ ಚೌಕದಲ್ಲಿ ಸ್ವಂತ ರಂಗಮಂದಿರ. ಮೊದಲ ನಾಟಕ ಜರ್ಮನ್ ನಾಟಕಕಾರ ಎರ್ನ್ಸ್ಟ್ ಟೋಲರ್ ಬರೆದ ‘ಹೊಪ್ಲಾ, ವಿರ್ ಲೇಬೆನ್!’. ನಾಯಕ ಎಂಟು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದು ಹೊರಬರುತ್ತಾನೆ, ಆ ಎಂಟು ವರ್ಷದ ಜಗತ್ತನ್ನು ಫಿಲ್ಮ್ ಹೇಳುತ್ತದೆ. ನಟನ ಬಾಯಲ್ಲಿ ಹೇಳಿಸಲಾಗದ್ದಕ್ಕೆ ಫಿಲ್ಮ್. ಬರೀ ಹಿನ್ನೆಲೆ ಚಿತ್ರ ತೋರಿಸಿ ಪಿಸ್ಕಾಟರ್ ಅಂದರೆ ಅದು ಮದುವೆ ಮನೆಯ ಎಲ್‌ಇಡಿ ಪರದೆ ಅಷ್ಟೇ.

ಬೆಳಕಿನ ಕೆಲಸ:
ಹಿಂದಿನಿಂದ ಪ್ರೊಜೆಕ್ಟ್ ಮಾಡಿದರೆ ನಟರ ನೆರಳು ಬೀಳಲ್ಲ, ಆದರೆ ಜಾಗ ತಿನ್ನುತ್ತೆ. ಥ್ರೋ ರೇಷಿಯೋ (ಪರದೆಯಿಂದ ಪ್ರೊಜೆಕ್ಟರಿಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು) 1.5 ಇದ್ದರೆ 8 ಅಡಿ ಅಗಲದ ಚಿತ್ರಕ್ಕೆ 12 ಅಡಿ ಹಿಂದೆ ಇಡಬೇಕು, 0.5ರ ಶಾರ್ಟ್ ಥ್ರೋ ಬಾಡಿಗೆಗೆ ತಂದರೆ 4 ಅಡಿ ಸಾಕು. ಬಟ್ಟೆ ತೀರಾ ತೆಳುವಾದರೆ ಮಧ್ಯದಲ್ಲಿ ಲೆನ್ಸ್ ಕಣ್ಣಿಗೆ ಹೊಡೆಯುತ್ತೆ. ನಟರನ್ನು ಪರದೆಯಿಂದ 4 ಅಡಿಯಾದರೂ ಮುಂದೆ ನಿಲ್ಲಿಸಿ, ಬೆಳಕು ವಿಂಗ್‌ಗಳಿಂದ, ಅಂದರೆ ವೇದಿಕೆಯ ಪಕ್ಕಗಳಿಂದ, ಅಡ್ಡಕ್ಕೆ ಕೊಡಿ. ಎದುರಿನಿಂದ ಕೊಟ್ಟರೆ ಚಿತ್ರ ಬಿಳಿಚುತ್ತೆ. ಇನ್ನೊಂದು: ಪ್ರೊಜೆಕ್ಟರಿನ ಕಪ್ಪು ನಿಜವಾಗಿ ಬೂದು. ಬ್ಲ್ಯಾಕೌಟ್‌ನಲ್ಲಿ ಲೆನ್ಸಿಗೆ ರಟ್ಟು ಅಡ್ಡ ಹಿಡಿಯೋಕೆ ಒಬ್ಬರು ಇರಲಿ. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿ, ಇಲ್ಲದಿದ್ದರೆ ದೃಶ್ಯದ ನಡುವೆ ನೀಲಿ ಪರದೆ ಗ್ಯಾರಂಟಿ.

ಸೆಟ್ ಬಡಗಿ:
ಪಟ್ಟಿ ಕೈಬಿಡಿ. 1928ರ ಜನವರಿಯಲ್ಲಿ ಪಿಸ್ಕಾಟರ್ ಶ್ವೇಕ್ ಎಂಬ ಸೈನಿಕನ ನಾಟಕಕ್ಕೆ ಎರಡು ಪಟ್ಟಿ ಹಾಕಿದ್ದ. ಜೊತೆಗೆ ಚಿತ್ರಕಾರ ಗ್ರೋಸ್ ಬರೆದ ವ್ಯಂಗ್ಯಚಿತ್ರಗಳ ಫಿಲ್ಮ್. ಪಟ್ಟಿಯ ಸದ್ದಿಗೆ ಮಾತು ಮುಳುಗುತ್ತಿತ್ತು, ಸೋಪು, ಗ್ರಾಫೈಟ್, ಎಣ್ಣೆ ಎಲ್ಲ ಸುರಿದರು. ಜಿಮ್ ಟ್ರೆಡ್‌ಮಿಲ್ಲಿನ ಪಟ್ಟಿ ಒಂದೂವರೆ ಅಡಿ ಅಗಲ, ಮೋಟಾರ್ ಗುಂಯ್ ಅನ್ನುತ್ತೆ, ಪಕ್ಕದ ಕಂಬಿಗಳು ಬೇರೆ. ನಟ ನಿಂತಲ್ಲೇ ಹೆಜ್ಜೆ ಹಾಕಲಿ. ಮರ, ಮೈಲಿಗಲ್ಲಿನ ಕಟೌಟುಗಳನ್ನು ತಳ್ಳುಗಾಡಿ ಮೇಲಿಟ್ಟು ಎದುರಿನಿಂದ ಹಗ್ಗದಲ್ಲಿ ಎಳೆಯಿರಿ. ರಬ್ಬರ್ ಚಕ್ರವೇ ಬೇಕು, ಪ್ಲಾಸ್ಟಿಕ್ ಮರದ ನೆಲದ ಮೇಲೆ ಗಡಗಡ ಅನ್ನುತ್ತೆ.

ಓದುಗ ೨:
1928ಕ್ಕೇ ನಿಲ್ಲಿಸಬೇಡಿ ದಯವಿಟ್ಟು. ಆ ವರ್ಷವೇ ಅವನ ರಂಗಮಂದಿರ ದಿವಾಳಿ, 1931ರಲ್ಲಿ ಸೋವಿಯತ್ ಒಕ್ಕೂಟ, ನಂತರ ಪ್ಯಾರಿಸ್, 1939ರಲ್ಲಿ ನ್ಯೂಯಾರ್ಕ್. ಅಲ್ಲಿನ ಅವನ ನಾಟಕ ಶಾಲೆ ಡ್ರಮ್ಯಾಟಿಕ್ ವರ್ಕ್‌ಶಾಪಿನಲ್ಲಿ ನಟ ಮಾರ್ಲನ್ ಬ್ರಾಂಡೊ, ರಂಗಕರ್ಮಿ ಜುಡಿತ್ ಮಲಿನಾ ಕಲಿತರು. 1951ರಲ್ಲಿ ಪಶ್ಚಿಮ ಜರ್ಮನಿಗೆ ವಾಪಸ್. 1962ರಿಂದ 1966ರಲ್ಲಿ ಸಾಯುವವರೆಗೆ ಪಶ್ಚಿಮ ಬರ್ಲಿನ್ನಿನ ಫ್ರೈಯೆ ಫೋಕ್ಸ್‌ಬ್ಯೂನೆ ರಂಗಮಂದಿರದ ಮುಖ್ಯಸ್ಥ. ನಾಟಕಕಾರರಾದ ಹೋಖ್‌ಹುಟ್, ಕಿಪ್‌ಹಾರ್ಟ್, ವೈಸ್ ಅವರ ದಾಖಲೆ ನಾಟಕಗಳನ್ನು (ನಿಜ ಘಟನೆ, ದಾಖಲೆಗಳನ್ನು ಆಧರಿಸಿದವು) ಅವನು ಆಡಿಸಿದ್ದು ಆಗಲೇ. ನನ್ನ ಮಟ್ಟಿಗೆ ಅದೇ ಅವನ ಗಟ್ಟಿ ಕೆಲಸ.

ದೃಶ್ಯಕ್ಕೆ ಮಾತ್ರ ಟೋಲರನ್ನೇ ಆರಿಸಿ. ಅವನು ತೀರಿದ್ದು 1939ರಲ್ಲಿ, ನಮ್ಮ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಲೇಖಕ ತೀರಿದ ಮೇಲಿನ 60 ವರ್ಷ ಮುಗಿದಿದೆ. ವೈಸ್ ತೀರಿದ್ದು 1982ರಲ್ಲಿ, ಅನುಮತಿ ಬೇಕು. ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವುದಾದರೆ ಆ ಅನುವಾದಕರ ಹಕ್ಕು ಬೇರೆಯೇ ಇರುತ್ತೆ, ಅದನ್ನೂ ನೋಡಿಕೊಳ್ಳಿ.