ಸಹಾಯ ಬೇಕು: ಹುಕ್ಕಾ ಸೇದಿದಾಗಲೆಲ್ಲ ತಲೆ ಸುತ್ತುತ್ತಿದೆ

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆಂದು ವಿದೇಶಕ್ಕೆ ಬಂದು ಎಂಟು ತಿಂಗಳಾಯಿತು. ಇಲ್ಲಿ ನನಗೆ ಗೆಳೆಯರು ಅಂತ ಸಿಕ್ಕಿದ್ದೇ ಹುಕ್ಕಾ ಸುತ್ತ. ವಾರಕ್ಕೊಮ್ಮೆ ಸೇರುತ್ತೇವೆ, ಪೈಪು ಕೈಯಿಂದ ಕೈಗೆ ಹೋಗುತ್ತದೆ, ಮಾತು ಮುಗಿಯುವುದೇ ಇಲ್ಲ. ನಾನು ಸಿಗರೇಟು ಮುಟ್ಟಿದವನೇ ಅಲ್ಲ. ಸುಮ್ನೆ ಜೊತೆಗಿರೋಣ ಅಂತ ಶುರು ಮಾಡಿದೆ. ಪುದೀನದ ಘಮ ಇಷ್ಟವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅರ್ಧ ಗಂಟೆಯೊಳಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಮರುದಿನ ಬೆಳಿಗ್ಗೆವರೆಗೂ ತಲೆನೋವು. ಹೊಟ್ಟೆ ತುಂಬಾ ಊಟ ಮಾಡಿ ಹೋದೆ, ನೀರು ಜಾಸ್ತಿ ಕುಡಿದೆ, ಕಿಟಕಿ ಪಕ್ಕ ಕೂತೆ. ಕೊನೆಗೆ ತಂಬಾಕಿಲ್ಲದ ಫ್ಲೇವರ್ ಹಾಕಿಸಿದೆ. ಆಗಲೂ ಅದೇ ಕಥೆ!

ನನ್ನ ಗೊಂದಲ ಇಲ್ಲೇ. ‘ಹೊಗೆ ನೀರಲ್ಲಿ ಸೋಸಿ ಬರುತ್ತೆ, ಏನೂ ಆಗಲ್ಲ’ ಅನ್ನುತ್ತಾರೆ ಗೆಳೆಯರು. ನಾನು ಓದಿದ್ದು ಬೇರೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ವಿಷವನ್ನು ತೆಗೆದುಹಾಕುವುದಿಲ್ಲ. ಹುಕ್ಕಾ ಮೇಲೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬೇರೆ ಬರುತ್ತದೆ. ಒಂದು ಗಂಟೆ ಹುಕ್ಕಾ ಸೇದಿದರೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದನ್ನು ಹೇಳಿದರೆ ನಗುತ್ತಾರೆ.

ತಂಬಾಕಿಲ್ಲದಿದ್ದರೂ ಹೀಗಾಗುತ್ತಿರುವುದು ಇದ್ದಿಲಿನಿಂದಲೇ ಅಲ್ವಾ? ಪೈಪು ಮುಟ್ಟದೆ ಬರೀ ಆ ಕೋಣೆಯಲ್ಲಿ ಕೂತರೂ ಹೀಗೇ ಆಗುತ್ತದಾ? ಇಂಥ ಗುಂಪಿನಲ್ಲಿದ್ದು ಹುಕ್ಕಾ ಬಿಟ್ಟವರು, ಗೆಳೆತನ ಕೆಡದಂತೆ ಹೇಗೆ ‘ಬೇಡ’ ಅಂದಿರಿ ಅಂತ ದಯವಿಟ್ಟು ತಿಳಿಸಿ.